ಬಿದ್ದುಹೋದ ಮರದ ಊರಿಗೆ ಬರುವ ತಂಗಿಗೆ

ತಂಗಿ,

ಕ್ಯಾಲಿಫೋರ್ನಿಯಾದ ಲೋನ್ ಪೈನ್‌ನಲ್ಲಿ ದಾದಿಯ ಕೆಲಸ ಸಿಕ್ಕಿದೆ, ಪೈನ್ ಮರದ ಹೆಸರಿನ ಊರೆಂದರೆ ನಮ್ಮ ಹೊಸನಗರದ ಹಾಗೆ ಕಾಡು, ಮಳೆ ಇರುತ್ತದೆಯೇ, ನಮ್ಮವರಿದ್ದಾರೆಯೇ, ಅಪ್ಪೆಮಿಡಿ ಉಪ್ಪಿನಕಾಯಿ ತರಬಹುದೇ ಎಂದು ಕೇಳಿದ್ದೀಯ. 2003ರಲ್ಲಿ ನಾನೂ ಇದೇ ಆಸೆ ಹೊತ್ತು ಬಂದಿಳಿದವಳು.

ಕಾಡಿಲ್ಲ, ತಂಗಿ. ಪಡುವಣದಲ್ಲಿ 4,421 ಮೀಟರ್ ಎತ್ತರದ ವಿಟ್ನಿ ಶಿಖರವಿರುವ ಬೆಟ್ಟಸಾಲು ಮೋಡಗಳನ್ನು ಆಚೆಯೇ ತಡೆಯುತ್ತದೆ. ವರ್ಷದ ಮಳೆ ಹತ್ತು ಅಂಗುಲ ಮುಟ್ಟುವುದಿಲ್ಲ. ಆಷಾಢದಲ್ಲಿ ನಮಗೆ ಒಂದೇ ದಿನ ಅಷ್ಟು ಸುರಿಯುವುದುಂಟು. ಜನ ಎರಡು ಸಾವಿರದಷ್ಟು, ಕನ್ನಡದ ಮನೆ ನಮ್ಮದೊಂದೇ. ಕಾರು ಓಡಿಸಲು ಕಲಿತೇ ಬಾ. ಅಪ್ಪೆಮಿಡಿ ತಾ, ವಿಮಾನ ನಿಲ್ದಾಣದಲ್ಲಿ ಕೇಳಿದರೆ ಮುಚ್ಚಿಡಬೇಡ.

ಬಂದ ಮರುದಿನವೇ ಪಕ್ಕದ ಮನೆಯ ಅಜ್ಜಿಯನ್ನು ಆ ಮರ ಎಲ್ಲಿದೆ ಎಂದು ಕೇಳಿದ್ದೆ. ಕಣಿವೆಯ ಬಾಯಲ್ಲಿ ಒಂದೇ ಒಂದು ಪೈನ್ ಇತ್ತಂತೆ. 1860ರ ದಶಕದಲ್ಲಿ ಬಂದು ನೆಲೆಸಿದವರು ಅದರ ಹೆಸರನ್ನೇ ಊರಿಗಿಟ್ಟರು. ಮರವನ್ನು ಹೊಳೆಯ ನೆರೆ ಕೆಡವಿತು. 1872ರ ಭೂಕಂಪದಲ್ಲಿ ಊರಿನ ಮನೆಗಳೂ ಉರುಳಿ 27 ಜನ ಸತ್ತರು. ಅಜ್ಜಿ ಕೈಚಾಚಿ, ಮರ ನಿಂತಿದ್ದ ದಿಕ್ಕನ್ನು ನಿನ್ನೆ ನೋಡಿದವರಂತೆ ತೋರಿಸಿದರು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನನ್ನ ಅಪ್ಪಯ್ಯ ಹುಟ್ಟಿದ್ದೂ ಮತ್ತಿಮರದ ಹೆಸರಿನ ಊರಿನಲ್ಲಿ. ನಾಲ್ಕು ಮನೆ, ಮರದ ಬುಡಕ್ಕೊಂದು ಕಟ್ಟೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದ ಮೇಲೆ ಅದು ಶರಾವತಿಯ ಹಿನ್ನೀರಿಗೆ ಹೋಯಿತು. ನೀರು ತಳ ಕಂಡ ಬೇಸಿಗೆಯಲ್ಲಿ ಹಿರೇಭಾಸ್ಕರದ ಹಳೆಯ ಅಣೆಕಟ್ಟು ತಲೆಯೆತ್ತುತ್ತದಲ್ಲ, ಆಗ ನಮ್ಮ ಮತ್ತಿಯ ಬೊಡ್ಡೆಯೂ ಕಾಣುತ್ತದೆ, ಒಮ್ಮೆ ಬಾ, ತೋರಿಸುತ್ತೇನೆ ಎಂದು ಅಪ್ಪಯ್ಯ ಪ್ರತಿ ಫೋನಿನಲ್ಲೂ ಕರೆಯುತ್ತಿದ್ದರು. ನಾನು ಹೋಗುತ್ತಿದ್ದುದು ಡಿಸೆಂಬರಿನ ರಜೆಗೆ. ಆಗ ಕಣ್ಣು ಹಾಯುವವರೆಗೆ ನೀರು. ಅಪ್ಪಯ್ಯ ದಡದಲ್ಲಿ ನಿಂತು ಊರುಗೋಲಿನಿಂದ ನೀರಿನತ್ತ ತೋರಿಸುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ.

2011ರಲ್ಲಿ ಅಪ್ಪಯ್ಯ ತೀರಿಕೊಂಡರು. ಮರುವರ್ಷ ಮೇ ತಿಂಗಳಲ್ಲಿ ಒಬ್ಬಳೇ ಇಳಿದು ನಡೆದೆ. ಬಿರುಕುಬಿಟ್ಟ ಕೆಸರಿನಲ್ಲಿ ಕಪ್ಪು ಬೊಡ್ಡೆಗಳು, ಇಪ್ಪತ್ತೋ ಮೂವತ್ತೋ. ಒಂದೊಂದನ್ನೂ ಮುಟ್ಟಿ ನೋಡಿದೆ. ನಮ್ಮ ಮತ್ತಿ ಯಾವುದೆಂದು ಹೇಳುವವರು ಯಾರೂ ಇರಲಿಲ್ಲ.

ಇಲ್ಲಿಯ ಜನಕ್ಕೆ ಇಂಥ ಸಂಕಟ ಬಿಡಿಸಿ ಹೇಳಬೇಕಿಲ್ಲ. 1913ರಲ್ಲಿ ಇವರ ಓವೆನ್ಸ್ ನದಿಯ ನೀರನ್ನು ಲಾಸ್ ಏಂಜಲೀಸ್ ನಗರಕ್ಕೆ ತಿರುಗಿಸಿದರು, ಊರಿನ ತೆಂಕಣದ ದೊಡ್ಡ ಸರೋವರ ಒಣಗಿತು. ಗಾಳಿಯೆದ್ದ ದಿನ ಅದರ ಬಿಳಿ ದೂಳು ಬಂದರೆ ಕಿಟಕಿ ಹಾಕಿಕೊ.

ನಿನ್ನ ಅಜ್ಜನ ಮನೆಯೂ ಹಿನ್ನೀರಿನಡಿಯಲ್ಲಿದೆ, ಅಜ್ಜ ಇನ್ನೂ ಗಟ್ಟಿಯಾಗಿದ್ದಾರೆ ಎಂದು ಬರೆದಿದ್ದೀಯ. ಈ ಬೇಸಿಗೆಯಲ್ಲಿ ಅವರ ಕೈ ಹಿಡಿದು ಅಲ್ಲಿಗೆ ಹೋಗು. ಅವರು ತೋರಿಸಿದ ಬೊಡ್ಡೆ, ಬಾವಿ, ಬೇಲಿಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದುಕೊ. ಟಿಕೆಟ್ ಅದಾದ ಮೇಲೆ ತೆಗೆಸು. ದಿನ ತಿಳಿಸಿದರೆ ಲಾಸ್ ಏಂಜಲೀಸಿಗೆ ನಾನೇ ಕಾರು ತರುತ್ತೇನೆ.