ಓದುಗರ ಪ್ರಶ್ನೆ: ತಕ್ಕಡಿಗೆ ಸಿಗದ ಬೆಳ್ಳಿ ಟೀ ಸೆಟ್

ಪ್ರಶ್ನೆ: ಮಗ ಕೋಪನ್‌ಹೇಗನ್‌ನಲ್ಲಿದ್ದಾನೆ. ಅಲ್ಲಿನ ಹರಾಜಿನಲ್ಲಿ ಜಾರ್ಜ್ ಜೆನ್ಸನ್ ಅನ್ನುವ ಡೆನ್ಮಾರ್ಕಿನ ಬೆಳ್ಳಿ ಕಂಪನಿಯ ಒಂದು ಕಾಫಿ ಸೆಟ್ ನೋಡಿದ್ದಾನೆ, ಹೆನಿಂಗ್ ಕೊಪೆಲ್ ವಿನ್ಯಾಸವಂತೆ. ನಮ್ಮ ಅಕ್ಕಸಾಲಿಗರು ಲೆಕ್ಕ ಹಾಕಿದರೆ ಬೆಳ್ಳಿಯ ಬೆಲೆಗಿಂತ ಎಷ್ಟೋ ಪಟ್ಟು ಜಾಸ್ತಿ. ಇದು ಮೋಸ ಅಲ್ವಾ? (ಮೈಸೂರಿನ ಓದುಗರು)

ಉತ್ತರ: ಬೆಲೆ ಜಾಸ್ತಿ ಅನ್ನುವ ಕಾರಣಕ್ಕೇ ಮೋಸ ಅನ್ನಬೇಡಿ. ಬೆಳ್ಳಿ ಅಂದ ತಕ್ಷಣ ನಮಗೆ ತಕ್ಕಡಿ ನೆನಪಾಗುತ್ತದೆ. ದೀಪ, ತಟ್ಟೆ, ಪಂಚಪಾತ್ರೆಗೆ ಅದು ಸರಿ, ನಾಳೆ ಕಷ್ಟ ಬಂದರೆ ಕೈಗಾಗುತ್ತದೆ ಅಂತಲೇ ತಾನೆ ಕೊಳ್ಳುವುದು. ಈ ಸೆಟ್‌ಗಳ ಲೆಕ್ಕ ಬೇರೆ.

ಕೊಪೆಲ್ ಮೂಲತಃ ಶಿಲ್ಪಿ. ಯುದ್ಧದ ವೇಳೆ ನಾಜಿಗಳಿಂದ ತಪ್ಪಿಸಿಕೊಂಡು ಸ್ವೀಡನ್‌ಗೆ ಹೋಗಿದ್ದರು, ಯುದ್ಧ ಮುಗಿದ ಮೇಲೆ ಜೆನ್ಸನ್ ಕಂಪನಿಗೆ ಕೆಲಸ ಮಾಡತೊಡಗಿದರು. ಅವರ ಪಾತ್ರೆಗಳಲ್ಲಿ ಹೂವಿಲ್ಲ, ಬಳ್ಳಿಯಿಲ್ಲ, ಮೂಲೆಯೂ ಇಲ್ಲ, ಬರೀ ಉಬ್ಬು ಮತ್ತು ಬಾಗು. 1952ರ ಅವರ ಒಂದು ಹೂಜಿಗೆ ಡೇನರು ಇಟ್ಟ ಅಡ್ಡಹೆಸರು 'ಬಸುರಿ ಬಾತುಕೋಳಿ'. ಇಂಥದ್ದನ್ನು ಚಪ್ಪಟೆ ತಗಡಿನಿಂದ ಸುತ್ತಿಗೆಯಲ್ಲಿ ಬಡಿಬಡಿದು ಎಬ್ಬಿಸಬೇಕು, ನಡುನಡುವೆ ಕಾಯಿಸಿ ಮೆದು ಮಾಡಿಕೊಳ್ಳಬೇಕು, ಒಂದು ಏಟು ತಪ್ಪಿದರೂ ನಯವಾದ ಮೈಮೇಲೆ ಎದ್ದು ಕಾಣುತ್ತದೆ, ಮುಚ್ಚಲು ಕೆತ್ತನೆಯ ಆಸರೆ ಇಲ್ಲ. ನೀವು ಕೊಡುವ ದುಡ್ಡು ಹೆಚ್ಚಾಗಿ ಇದಕ್ಕೆ.

ಮಗನಿಗೆ ಕೆಲವು ಮಾತು ಹೇಳಿ. ಚುಕ್ಕಿಗಳ ಅಂಡಾಕಾರದೊಳಗೆ ಜೆನ್ಸನ್ ಹೆಸರಿರುವ ಮುದ್ರೆ 1945ರಿಂದ ಬಳಕೆಯಲ್ಲಿದೆ, ಇಂದಿನ ಮಾಲಿಗೂ ಅದೇ. ಅದೊಂದನ್ನೇ ನೋಡಿ ಹಳೆಯದು ಅಂತ ನಂಬಬಾರದು. ಹಿಂದೆ ಬ್ರಿಟನ್‌ಗೆ ಆಮದಾದ ಮಾಲಿನ ಮೇಲೆ ಅಲ್ಲಿನ ಮುದ್ರೆಯೂ ಇರುತ್ತದೆ, ಅದರಲ್ಲಿ ವರ್ಷಕ್ಕೊಂದು ಅಕ್ಷರ. ಸಿಕ್ಕರೆ ಅದೃಷ್ಟ. ಪಾತ್ರೆ, ಹಾಲಿನ ಜಗ್, ಸಕ್ಕರೆ ಬಟ್ಟಲು, ಪ್ರತಿಯೊಂದರ ತಳದ ವಿನ್ಯಾಸ ಸಂಖ್ಯೆ ನೋಡಲಿ, ಬೇರೆ ಬೇರೆ ಸೆಟ್‌ನಿಂದ ಜೋಡಿಸಿದವೂ ಬರುತ್ತವೆ. ಹಿಡಿ ಯಾವುದರದ್ದು ಅಂತ ಕೇಳದೆ ಕೊಳ್ಳುವುದಂತೂ ಬೇಡ. ಬೆಳ್ಳಿಯಷ್ಟು ಶಾಖ ಹರಿಸುವ ಲೋಹ ಬೇರೊಂದಿಲ್ಲ, ಅದಕ್ಕೇ ಹಿಡಿಗೆ ಮರ ಹಾಕುತ್ತಾರೆ, ಬೆತ್ತ ಸುತ್ತುತ್ತಾರೆ, ಕೆಲವು ಹಳೆಯ ಸೆಟ್‌ಗಳಲ್ಲಿ ಆನೆದಂತ ಇದೆ. ದಂತ ಇದ್ದರೆ ಭಾರತಕ್ಕೆ ತರುವ ಯೋಚನೆ ಬಿಟ್ಟುಬಿಡಿ, ಕಾನೂನು ಒಪ್ಪುವುದಿಲ್ಲ.

ತಕ್ಕಡಿಯ ಬಗ್ಗೆ ಇನ್ನೊಂದು ಮಾತು. 1980ರ ಜನವರಿಯಲ್ಲಿ ಟೆಕ್ಸಾಸಿನ ಹಂಟ್ ಸಹೋದರರು ಬೆಳ್ಳಿಯನ್ನು ಗುಡ್ಡೆ ಹಾಕಿಕೊಂಡ ಗದ್ದಲದಲ್ಲಿ ಬೆಲೆ ಔನ್ಸಿಗೆ 50 ಡಾಲರ್ ಹತ್ತಿರ ಹೋಯಿತು. ಜನ ಮನೆಯಲ್ಲಿದ್ದ ಟೀ ಪಾಟ್‌ಗಳನ್ನೆಲ್ಲ ತಂದು ಕರಗಿಸಲು ಕೊಟ್ಟರು. ಮಾರ್ಚ್ ಮುಗಿಯುವ ಹೊತ್ತಿಗೆ ಬೆಲೆ ನೆಲ ಕಚ್ಚಿತ್ತು. ಪಾತ್ರೆಗಳು ಮಾತ್ರ ವಾಪಸ್ ಬರಲಿಲ್ಲ.

ಪ್ರಶ್ನೆ: ಅಷ್ಟೆಲ್ಲ ದುಡ್ಡಿಲ್ಲ. ಆದರೂ ಯುದ್ಧದ ನಂತರದ ಆ ಕಾಲದ ಒಂದು ಸೆಟ್ ಬೇಕು. ಎಲ್ಲಿಂದ ಶುರು ಮಾಡಲಿ? (ಬೆಂಗಳೂರು)

ಉತ್ತರ: ಅಚ್ಚ ಬೆಳ್ಳಿಯೇ ಬೇಕು ಅನ್ನುವ ಹಟ ಬಿಡಿ. ಇಂಗ್ಲೆಂಡಿನ ಶೆಫೀಲ್ಡ್‌ನ ವಿನ್ಯಾಸಕ ಡೇವಿಡ್ ಮೆಲರ್ 1950ರ ದಶಕದಲ್ಲಿ ವಾಕರ್ ಅಂಡ್ ಹಾಲ್ ಕಂಪನಿಗೆ ಮಾಡಿಕೊಟ್ಟ 'ಪ್ರೈಡ್' ಟೀ ಸೆಟ್ ಬೆಳ್ಳಿ ಲೇಪನದ್ದು, ಆದರೂ ನನ್ನ ಕಣ್ಣಿಗೆ ಎಷ್ಟೋ ಅಚ್ಚ ಬೆಳ್ಳಿಯ ಸೆಟ್‌ಗಳಿಗಿಂತ ಚೆಂದ. ರಾಬರ್ಟ್ ವೆಲ್ಚ್ ಓಲ್ಡ್ ಹಾಲ್ ಕಂಪನಿಗೆ ಮಾಡಿದ 'ಆಲ್ವೆಸ್ಟನ್' ಅಂತೂ ಬರೀ ಸ್ಟೀಲು. ಬೆಳ್ಳಿ ಅಲ್ಲ ಅಂತ ಮೂಗು ಮುರಿಯಬೇಡಿ, ಅವರೇ ಬೆಳ್ಳಿ ಕೆಲಸದವರು, ಆ ಕೈ ಅದರಲ್ಲೂ ಕಾಣುತ್ತದೆ. ಲಿನೊ ಸಬಟ್ಟಿನಿ ಫ್ರಾನ್ಸಿನ ಕ್ರಿಸ್ಟೋಫ್ಲ್ ಕಂಪನಿಗೆ ಮಾಡಿದ 'ಕೋಮೊ' ಸೆಟ್ ಕೂಡ ಲೇಪನದ್ದೇ, ಆದರೆ ಅಗ್ಗ ಅಂದುಕೊಂಡು ಹುಡುಕಲು ಹೋಗಬೇಡಿ!

ಪ್ರಶ್ನೆ: ಸೆಟ್‌ನ ತಳದಲ್ಲಿ ಇಪಿಎನ್‌ಎಸ್ ಅಂತ ಇದೆ. ಬೆಳ್ಳಿಯಾ?

ಉತ್ತರ: ಮೇಲಿನ ಪದರ ಮಾತ್ರ. ಇಪಿಎನ್‌ಎಸ್ ಅಂದರೆ ವಿದ್ಯುತ್ತಿನಿಂದ ಬೆಳ್ಳಿ ಲೇಪಿಸಿದ ನಿಕಲ್ ಸಿಲ್ವರ್. ಒಳಗಿರುವುದು ತಾಮ್ರ, ನಿಕಲ್, ಸತು ಸೇರಿದ ಮಿಶ್ರಲೋಹ, ನಮ್ಮ ಅಂಗಡಿಗಳಲ್ಲಿ ಜರ್ಮನ್ ಸಿಲ್ವರ್ ಅಂತ ಮಾರುವಂಥದ್ದೇ. ಇಂಗ್ಲೆಂಡಿನ ಅಚ್ಚ ಬೆಳ್ಳಿಯಾದರೆ ನಡೆಯುವ ಸಿಂಹದ ಮುದ್ರೆ ಇರುತ್ತದೆ, ಅಂದರೆ ಸಾವಿರಕ್ಕೆ 925 ಭಾಗ ಬೆಳ್ಳಿ. ಜೊತೆಗೆ ಬೆಳ್ಳಿ ಪರೀಕ್ಷಿಸಿ ಮುದ್ರೆ ಒತ್ತಿದ ಊರಿನ ಗುರುತು: ಲಂಡನ್‌ಗೆ ಚಿರತೆಯ ಮುಖ, ಬರ್ಮಿಂಗ್‌ಹ್ಯಾಮ್‌ಗೆ ಲಂಗರು, ಶೆಫೀಲ್ಡ್‌ಗೆ 1975ರ ಮೊದಲು ಕಿರೀಟ, ಆಮೇಲೆ ಗುಲಾಬಿ.

ಪ್ರಶ್ನೆ: ಬೆಳ್ಳಿ ಸೆಟ್ಟನ್ನು ವಿಭೂತಿಯಲ್ಲಿ ಉಜ್ಜಬಹುದಾ? ಅದರಲ್ಲಿ ಫಿಲ್ಟರ್ ಕಾಫಿ ಹಾಕಬಹುದಾ?

ಉತ್ತರ: ಕಾಫಿ ಧಾರಾಳವಾಗಿ ಹಾಕಿ, ಅದಕ್ಕೇ ಮಾಡಿದ್ದು. ಕುಡಿದಾದ ಮೇಲೆ ಹಾಗೇ ಬಿಡದೆ ಬಿಸಿನೀರಲ್ಲಿ ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಮುಚ್ಚಳ ತೆಗೆದಿಟ್ಟು ಒಣಗಿಸಿ. ಮರದ ಹಿಡಿ ನೀರಲ್ಲಿ ನೆನೆಯಬಾರದು, ಡಿಶ್‌ವಾಷರ್ ಬೇಡವೇ ಬೇಡ.

ವಿಭೂತಿ ದೇವರ ಸಾಮಾನಿಗೆ ಇರಲಿ. ಇಂಥ ನುಣುಪು ಮೈಮೇಲೆ ಅದರ ಗೀರು ಕಾಣುತ್ತದೆ, ಟೂತ್‌ಪೇಸ್ಟ್ ಕೂಡ ಬೇಡ. ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ಬೆಳ್ಳಿ ಕಪ್ಪಾಗುತ್ತದೆ, ಆದ್ದರಿಂದ ರಬ್ಬರ್ ಬ್ಯಾಂಡು, ಉಣ್ಣೆ ಬಟ್ಟೆ, ಹಳೇ ಪೇಪರ್ ಹತ್ತಿರ ಇಡಬೇಡಿ. ಇಂಗ್ಲೆಂಡಿನ ಬೆಳ್ಳಿ ಕೆಲಸಗಾರ ಜೆರಾಲ್ಡ್ ಬೆನಿಯಂಥವರ ತರಿತರಿ ಮೈಯ ಸೆಟ್ ಆದರೆ ಇನ್ನೂ ಹುಷಾರು. ಅಂಗಡಿಯವರ ಕೈಗೆ ಕೊಟ್ಟರೆ ಮೆಷಿನ್‌ಗೆ ಹಿಡಿದು ಫಳಫಳ ಮಾಡಿಕೊಡುತ್ತಾರೆ, ಆ ತರಿಯೂ ಹೋಗುತ್ತದೆ, ತಳದ ಮುದ್ರೆಯೂ ಸವೆಯುತ್ತದೆ. ಹಳೇ ಯಜಮಾನರ ಹೆಸರಿನ ಅಕ್ಷರ ಕೆತ್ತಿದ್ದರೆ ಅದನ್ನೂ ಅಳಿಸಲು ಕೊಡಬೇಡಿ, ಆ ಜಾಗದಲ್ಲಿ ತಗಡು ತೆಳುವಾಗಿ ಸುಮ್ನೆ ಒತ್ತಿದರೂ ತಗ್ಗು ಬೀಳುತ್ತದೆ.