ವೆಕ್ಟರ್‌ನಿಂದ ಭಾಗಿಸಬಹುದಾ ಸಾರ್?

ಈ ಸಲವೂ ಅದೇ ಪ್ರಶ್ನೆ, ಮೂವರಿಂದ. ಹಾಗಾಗಿ ಜಾಗವೆಲ್ಲ ಅದಕ್ಕೇ. ಎರಡು ವೆಕ್ಟರ್‌ಗಳ ನಡುವೆ × ಹಾಕಿ ಬರೆಯುವ ಕ್ರಾಸ್ ಪ್ರಾಡಕ್ಟ್ ಅಂದರೇನು ಅಂತ ಇಲ್ಲಿ ಹೇಳಿಕೊಡುವುದಿಲ್ಲ, ಪಿಯುಸಿ ಪುಸ್ತಕ ತೆಗೆಯಿರಿ.

ಪ್ರಶ್ನೆ: ಬಲ ಎಫ್ ಗೊತ್ತು, ಮೊಮೆಂಟ್ (ಅಂದರೆ ಆ ಬಲ ಎಷ್ಟು ತಿರುಗಿಸುತ್ತದೆ ಅನ್ನುವ ಅಳತೆ) ಎಮ್ ಗೊತ್ತು. ಎಮ್ = ಆರ್ × ಎಫ್ ಅಲ್ವಾ? ಹಾಗಾದರೆ ಬಲ ಬಿದ್ದ ಜಾಗ ಆರ್ ಸಿಗಬೇಕು. ಮ್ಯಾಟ್ರಿಕ್ಸ್ ಬರೆದು ಇನ್ವರ್ಸ್ ತೆಗೆದರೆ ಕಂಪ್ಯೂಟರ್ ‘ಸಿಂಗ್ಯುಲರ್’, ಅಂದರೆ ಇದಕ್ಕೆ ಇನ್ವರ್ಸೇ ಇಲ್ಲ, ಅನ್ನುತ್ತದೆ. ಕೋಡ್‌ನಲ್ಲಿ ಏನು ತಪ್ಪು?

ಕೋಡ್ ಸರಿಯಾಗೇ ಇದೆ. ಇಲ್ಲದ್ದನ್ನು ಕೊಡು ಅಂದರೆ ಅದು ತಾನೇ ಎಲ್ಲಿಂದ ತರುತ್ತದೆ?

ಜಾತ್ರೆಯಲ್ಲಿ ತೇರು ಎಳೆದಿದ್ದೀರಾ? ಹಗ್ಗ ನೆಟ್ಟಗೆ ಬಿಗಿದಿರುವಾಗ ನೀವು ಗಾಲಿಯ ಹತ್ತಿರ ಹಿಡಿದು ಎಳೆದರೂ ಅಷ್ಟೇ, 50 ಅಡಿ ಆಚೆ ಹಿಡಿದು ಎಳೆದರೂ ಅಷ್ಟೇ. ಕೈ ಎಲ್ಲಿತ್ತು ಅಂತ ತೇರಿಗೆ ಗೊತ್ತಾಗುವುದಿಲ್ಲ. ತೇರಿಗೇ ಗೊತ್ತಿಲ್ಲದ್ದನ್ನು ನೀವು ತೇರನ್ನು ಕೇಳಿ ತಿಳಿಯಲು ಹೊರಟಿದ್ದೀರಿ.

ಲೆಕ್ಕದಲ್ಲೇ ನೋಡಿ. ಆರ್ = (2, 1, 0) ಮೀಟರ್, ಎಫ್ = (3, 4, 0) ನ್ಯೂಟನ್. ಆಗ ಎಮ್ = (0, 0, 5). ಈಗ ಆರ್ ಮರೆತುಬಿಡಿ, ಹಿಂದಕ್ಕೆ ಹೋಗೋಣ. ಎಫ್ × ಎಮ್ ಮಾಡಿ, ಎಫ್ ಅಳತೆಯ ವರ್ಗದಿಂದ, ಅಂದರೆ 25ರಿಂದ, ಭಾಗಿಸಿ. ಬರುವುದು (0.8, −0.6, 0). ನಾವು ಹೊರಟ ಜಾಗ ಅದಲ್ಲ! ಆದರೆ ಅದಕ್ಕೆ ಎಫ್‌ನ 0.4 ಪಾಲು ಸೇರಿಸಿದರೆ (2, 1, 0) ಸಿಗುತ್ತದೆ. ಆ 0.4 ಅನ್ನು ಯಾರು ಹೇಳಬೇಕು? ಎಮ್ ಹೇಳುವುದಿಲ್ಲ. 0.4ರ ಬದಲು 7 ಹಾಕಿದರೂ ಅದೇ ಎಮ್ ಬರುತ್ತದೆ. ಉತ್ತರ ಒಂದು ಬಿಂದು ಅಲ್ಲ, ಒಂದು ಗೆರೆ. ಬಲ ಆ ಗೆರೆಯ ಮೇಲಿದೆ, ಅಷ್ಟು ಮಾತ್ರ ಗೊತ್ತು.

‘10 ಸೆಕೆಂಡಿನ ಟ್ರಿಕ್’ ಅಂತ ಎಮ್ ಅನ್ನು ಎಫ್‌ನಿಂದ ಭಾಗಿಸಿ 5 ÷ 5 = 1 ಅನ್ನುವವರಿದ್ದಾರೆ. ಆ 1 ಮೀಟರ್, ಮೂಲಬಿಂದುವಿನಿಂದ ಆ ಗೆರೆಗಿರುವ ಲಂಬ ದೂರ. ಜಾಗ ಅಲ್ಲ. ಇದನ್ನು ದುಡ್ಡು ತಗೊಂಡು ಕಲಿಸುತ್ತಾರೆ ಅನ್ನೋದೇ ನನಗೆ ಉರಿ.

ಇನ್ನೊಂದು ಮದ್ದು: ಇನ್ವರ್ಸ್ ಆಗದಿದ್ದರೆ ಸೂಡೋ ಇನ್ವರ್ಸ್ ಹಾಕು. ನಮ್ಮ ಲ್ಯಾಬ್‌ನಲ್ಲೂ ಒಮ್ಮೆ ಹಾಕಿದರು. ಬಲ ಮತ್ತು ಮೊಮೆಂಟ್ ಅಳೆಯುವ ಸೆನ್ಸರ್ ಮೇಲೆ ಸ್ಟೀಲ್ ಫ್ಲಾಸ್ಕ್ ನಿಲ್ಲಿಸಿ ಬಿಗಿದು, ಪಕ್ಕದಿಂದ ಬೆರಳಲ್ಲಿ ಒತ್ತಿದೆವು. ಒತ್ತಿದ ಜಾಗ ಪರದೆಯಲ್ಲಿ ಕೆಂಪು ಚುಕ್ಕೆಯಾಗಿ ಕಾಣಬೇಕಿತ್ತು. ಚುಕ್ಕೆ ಎತ್ತರವೇನೋ ಸರಿಯಾಗೇ ಹಿಡಿದಿತ್ತು, ಆದರೆ ಫ್ಲಾಸ್ಕಿನ ನಟ್ಟನಡುವೆ, ಕಾಫಿಯೊಳಗೆ ಮುಳುಗಿ ಕೂತಿತ್ತು. ಗೆರೆಯ ಮೇಲೆ ಮೂಲಬಿಂದುವಿಗೆ ಅತಿ ಹತ್ತಿರದ ಬಿಂದುವನ್ನು ಎತ್ತಿಕೊಡುವುದೇ ಸೂಡೋ ಇನ್ವರ್ಸ್ ಕೆಲಸ. ಅದಕ್ಕೆ ಬೆರಳು ಗೊತ್ತಿಲ್ಲ, ಫ್ಲಾಸ್ಕೂ ಗೊತ್ತಿಲ್ಲ.

ಸರಿಮಾಡಿದ್ದು ಹೀಗೆ. ಫ್ಲಾಸ್ಕಿನ ಆಕಾರ ನಮಗೆ ಗೊತ್ತಲ್ಲ? ಗೆರೆ ಅದರ ಮೈಯನ್ನು ಎಲ್ಲಿ ಮುಟ್ಟುತ್ತದೆ ನೋಡಿದೆವು. ಎರಡು ಕಡೆ: ಒಳಹೋಗುವಲ್ಲಿ, ಹೊರಬರುವಲ್ಲಿ. ಬೆರಳು ಒತ್ತುತ್ತದೆ, ಎಳೆಯುವುದಿಲ್ಲ. ಹಾಗಾಗಿ ಬಲ ಒಳಮುಖವಾಗಿರುವ ಕಡೆಯೇ ಉತ್ತರ. ಆಕಾರ ಗೊತ್ತಿಲ್ಲದಿದ್ದರೆ ಅದೇ ಬಿಂದುವಿನಲ್ಲಿ ಇನ್ನೊಂದು ದಿಕ್ಕಿನ ಬಲ ಬೇಕು. ಎರಡು ಗೆರೆ ಸೇರುವಲ್ಲಿ ಆರ್. ರೋಬೋಟ್ ಕೈಗೆ ಕಟ್ಟಿದ ಉಪಕರಣದ ತೂಕದ ಕೇಂದ್ರ ಹುಡುಕುವಾಗ ಕೈಯನ್ನು ಬೇರೆ ಬೇರೆ ಕಡೆ ವಾಲಿಸಿ ಅಳೆಯುವುದು ಇದಕ್ಕೇ. ಎರಡು ಅಳತೆ ಸಾಕು, ನಾನು ಆರು ತಗೊಳ್ಳುತ್ತೇನೆ. ಸೆನ್ಸರ್‌ಗಳನ್ನು ನಾನು ನಂಬುವುದಿಲ್ಲ.

ಇಷ್ಟೆಲ್ಲ ಮಾಡುವ ಮುಂಚೆ ಎಫ್ ಮತ್ತು ಎಮ್ ಡಾಟ್ ಪ್ರಾಡಕ್ಟ್ ಸೊನ್ನೆಯಾ ನೋಡಿ. ಸೊನ್ನೆ ಅಲ್ಲದಿದ್ದರೆ ಯಾವ ಆರ್ ಕೂಡ ಹೊಂದುವುದಿಲ್ಲ. ಬಲದ ಜೊತೆ ತಿರುಚುವ ಕಪಲ್ (ಸಮನಾದ, ಎದುರುಬದುರು ದಿಕ್ಕಿನ ಬಲಗಳ ಜೋಡಿ) ಒಂದು ಸೇರಿಕೊಂಡಿದೆ ಅಂತ ಅರ್ಥ. ಈ ಕಪಲ್ ವಿಚಾರವನ್ನು ಫ್ರಾನ್ಸಿನ ಲೂಯಿ ಪ್ವಾನ್ಸೋ 1803ರಲ್ಲೇ ಬರೆದಿಟ್ಟಿದ್ದಾರೆ. ಸೊನ್ನೆಗೆ ಹತ್ತಿರ ಇದ್ದರೆ ಅಳತೆಯ ಗದ್ದಲ (ನಾಯ್ಸ್) ಇರಬಹುದು, ಅಷ್ಟಕ್ಕೆ ಗಾಬರಿ ಬೇಡ.

ಪ್ರಶ್ನೆ: ನಡಿಗೆ ಅಳೆಯುವ ಫೋರ್ಸ್ ಪ್ಲೇಟ್‌ನಲ್ಲಿ ಮಾತ್ರ ಒಂದೇ ಬಿಂದು ಹೇಗೆ ಸಿಗುತ್ತದೆ?

ಕಾಲು ಪ್ಲೇಟ್ ಮೇಲೇ ಇದೆ, ಅಂದರೆ ಝೆಡ್ = 0 ಅಂತ ಮೊದಲೇ ಗೊತ್ತು. ಎಕ್ಸ್ = −ಎಮ್‌ವೈ ÷ ಎಫ್‌ಝೆಡ್, ವೈ = ಎಮ್‌ಎಕ್ಸ್ ÷ ಎಫ್‌ಝೆಡ್. ಎಫ್‌ಝೆಡ್ ಅಂದರೆ ಪ್ಲೇಟಿಗೆ ಲಂಬವಾದ ಬಲದ ಭಾಗ; ಎಮ್‌ಎಕ್ಸ್, ಎಮ್‌ವೈ ಅಂದರೆ ಎಮ್‌ನ ಎಕ್ಸ್, ವೈ ಭಾಗಗಳು. ಹಿಮ್ಮಡಿ ಊರುವಾಗ, ಬೆರಳು ಎತ್ತುವಾಗ ಎಫ್‌ಝೆಡ್ ತೀರಾ ಚಿಕ್ಕದು, ಬಿಂದು ಹುಚ್ಚು ಕುದುರೆಯಂತೆ ಓಡುತ್ತದೆ. 20 ನ್ಯೂಟನ್‌ಗಿಂತ ಕಡಿಮೆ ಇದ್ದರೆ ನಾನು ಆ ಡೇಟಾ ಬಿಸಾಕುತ್ತೇನೆ.

ಪ್ರಶ್ನೆ: ಎಫ್ ಸೊನ್ನೆ, ಆದರೆ ಎಮ್ ಇದೆ. ಆರ್ ಎಲ್ಲಿ?

ಎಲ್ಲೂ ಇಲ್ಲ. ಅದು ಬರೀ ಕಪಲ್.

ಪ್ರಶ್ನೆ: ಆರ್ × ಎಫ್ ಬದಲು ಎಫ್ × ಆರ್ ಬರೆದರೆ ಮಾರ್ಕ್ಸ್ ಹೋಗುತ್ತಾ?

ಹೋಗುತ್ತದೆ. ನಾನಂತೂ ಪೂರ್ತಿ ಕತ್ತರಿಸುತ್ತೇನೆ.