ಸ್ಪಂಜಿನ ಲೇಖನ ವಾಪಸ್ ಕಳಿಸುತ್ತಿದ್ದೇನೆ

ಕಾರವಾರದ ತಂಗಿಗೆ,

ಕಡಲಿನ ಸ್ಪಂಜಿನಿಂದ ಸಿಗುವ ಔಷಧಿಯ ಬಗ್ಗೆ ನೀವು ಬರೆದ ‘ಕಡಲಾಳದ ಸಂಜೀವಿನಿ’ ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲಿಕ್ಕೆ ಆಗುವುದಿಲ್ಲ. ಹಾಗಂತ ಸುಮ್ನೆ ಬದಿಗಿಡುವ ಬರಹವೂ ಅಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಸಮುದ್ರಮಥನದಿಂದ ಶುರು ಮಾಡಿದ್ದೀರಿ. ಸ್ಪಂಜು ಬರುವಾಗ ಮೂರನೇ ಪುಟ. ಅಷ್ಟರಲ್ಲಿ ಓದುವವರು ಚಹಾಕ್ಕೆ ಎದ್ದು ಹೋಗಿರುತ್ತಾರೆ. ಐದನೇ ಪುಟದ ನಡುವೆ ಈ ಸಾಲುಗಳಿವೆ: ‘ಬೈತಖೋಲದಲ್ಲಿ ಬಲೆ ಬಿಡಿಸುವಾಗ ಅಪ್ಪ ಒಂದು ಬೂದು ಮುದ್ದೆ ಕಿತ್ತು ನೀರಿಗೆ ಎಸೆದರು. ಮುಟ್ಟಿದ ತಪ್ಪಿಗೆ ನನ್ನ ಬೆರಳು ಸಂಜೆವರೆಗೂ ತುರಿಸುತ್ತಿತ್ತು.’ ಲೇಖನ ಇಲ್ಲಿಂದ ಶುರುವಾಗಬೇಕು. ಅದರ ಹಿಂದಿನ ನಾಲ್ಕೂವರೆ ಪುಟ ಹೊಡೆದು ಹಾಕಿ. ಹೊಟ್ಟೆ ಉರಿಯುತ್ತದೆ, ಗೊತ್ತು.

ಒಂದು ತಿದ್ದುಪಡಿ. ಆ ತುರಿಕೆಯನ್ನು ‘ಔಷಧಿಯ ಶಕ್ತಿ’ ಎಂದಿದ್ದೀರಿ. ಬಹಳಷ್ಟು ಸ್ಪಂಜುಗಳ ಮೈಯಲ್ಲಿ ಗಾಜಿನಂಥ ಸಣ್ಣ ಸಣ್ಣ ಮುಳ್ಳುಗಳಿರುತ್ತವೆ. ಚರ್ಮಕ್ಕೆ ಹೊಕ್ಕರೆ ತುರಿಸದೆ ಇನ್ನೇನು? ‘ಪ್ರಕೃತಿಮಾತೆ ಮನುಷ್ಯನಿಗಾಗಿ ಇಟ್ಟ ವರ’ ಎನ್ನುವುದೂ ಬೇಡ. ಸ್ಪಂಜು ಬಂಡೆಗೆ ಅಂಟಿಕೊಂಡ ಪ್ರಾಣಿ. ಓಡಲಾರದು, ಕಚ್ಚಲಾರದು, ಬಳಚಿನ ಹಾಗೆ ಚಿಪ್ಪಿನೊಳಗೆ ಮುಚ್ಚಿಕೊಳ್ಳಲೂ ಆಗದು. ತಿನ್ನಲು ಬಂದವರಿಗೆ ವಿಷವೇ ಅದರ ಉತ್ತರ. ಎಷ್ಟೋ ಸಲ ಆ ವಿಷ ತಯಾರಿಸುವುದು ಅದರ ಮೈಯೊಳಗೆ ಬಾಡಿಗೆಗಿರುವ ಬ್ಯಾಕ್ಟೀರಿಯಾ. ನಮ್ಮ ನೆನಪೇ ಅದಕ್ಕಿಲ್ಲ.

‘ವಿಜ್ಞಾನಿಗಳ ಪ್ರಕಾರ’ ಅಂತ ಒಂಬತ್ತು ಕಡೆ ಬರೆದಿದ್ದೀರಿ. ಒಬ್ಬರ ಹೆಸರೂ ಇಲ್ಲ. 1950ರ ಆಸುಪಾಸಿನಲ್ಲಿ ವರ್ನರ್ ಬರ್ಗ್‌ಮನ್ ಎಂಬವರು ಫ್ಲಾರಿಡಾ ಕಡಲಿನ ಒಂದು ಸ್ಪಂಜಿನಲ್ಲಿ ವಿಚಿತ್ರ ವಸ್ತು ಕಂಡರು. ಡಿಎನ್‌ಎ ಕಟ್ಟುವ ಇಟ್ಟಿಗೆಯ ಥರದ್ದೇ, ಆದರೆ ಒಳಗಿನ ಸಕ್ಕರೆ ಬೇರೆ. ಆ ಮಾದರಿ ನೋಡಿ ರಸಾಯನಶಾಸ್ತ್ರಜ್ಞರು ಸೈಟರಬಿನ್ ತಯಾರಿಸಿದರು. ಜೀವಕೋಶ ಅದನ್ನು ನಿಜವಾದ ಇಟ್ಟಿಗೆ ಅಂದುಕೊಂಡು ಗೋಡೆಗೆ ಇಡುತ್ತದೆ, ಗೋಡೆ ಅಲ್ಲಿಗೇ ನಿಲ್ಲುತ್ತದೆ. 1969ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ರಕ್ತದ ಕ್ಯಾನ್ಸರಿಗೆ ಇವತ್ತಿಗೂ ಕೊಡುತ್ತಾರೆ. ಅಂದರೆ ನೀವು ಬರೆದಂತೆ ‘ಸ್ಪಂಜು ಹಿಂಡಿ ತೆಗೆದ’ ಮದ್ದು ಅದಲ್ಲ. ಇನ್ನು ನೀವು ಹೇಳಿದ ಟ್ರಾಬೆಕ್ಟೆಡಿನ್ ಎಂಬ ಕ್ಯಾನ್ಸರ್ ಮದ್ದು ಸ್ಪಂಜಿನದ್ದೇ ಅಲ್ಲ. ಅದು ಸಿಕ್ಕಿದ್ದು ಕಡಲಚೀಲ ಎನ್ನಬಹುದಾದ ಬೇರೆಯೇ ಪ್ರಾಣಿಯಲ್ಲಿ. ಆ ಪ್ಯಾರಾ ತೆಗೆಯಿರಿ.

ಈಗ ನಿಮ್ಮ ಕೊನೆಯ ಪುಟ. ‘ನೇತ್ರಾಣಿ ದ್ವೀಪದ ಸ್ಪಂಜುಗಳನ್ನು ತಂದು ಔಷಧಿ ಮಾಡಿದರೆ ಜಿಲ್ಲೆಯ ಬಡತನ ನೀಗುತ್ತದೆ.’ ತಂಗಿ, ಲೆಕ್ಕ ಹಾಕಿದಿರಾ? 1980ರ ದಶಕದಲ್ಲಿ ಜಪಾನಿನವರು 600 ಕಿಲೋ ಸ್ಪಂಜು ಅರೆದರು. ಕೈಗೆ ಬಂದ ಹ್ಯಾಲಿಕಾಂಡ್ರಿನ್ ಬಿ, ಅಂದರೆ ಕ್ಯಾನ್ಸರ್ ಕೋಶ ಕೊಲ್ಲುವ ವಸ್ತು, ಎಷ್ಟು? 12.5 ಮಿಲಿಗ್ರಾಂ. ನಿಮ್ಮಪ್ಪ ಮೀನು ತುಂಬುವ ಬುಟ್ಟಿಯ ಲೆಕ್ಕದಲ್ಲಿ 600 ಕಿಲೋ ಎಷ್ಟು ಬುಟ್ಟಿ ಅಂತ ಬರೆಯಿರಿ. ಬಂದದ್ದು ಒಂದು ಚಿಟಿಕೆ ಉಪ್ಪಿಗಿಂತ ಎಷ್ಟೋ ಕಡಿಮೆ. ನೇತ್ರಾಣಿಯ ಬುಡ ಕೆರೆದು ತಂದರೂ ಆಸ್ಪತ್ರೆಯ ಒಂದು ವಾರ್ಡಿಗೆ ಸಾಲದು.

ಇದೇ ನಿಮ್ಮ ಕಥೆ. ನೀವು ಅದನ್ನು ನೋಡಲೇ ಇಲ್ಲ. ಸ್ಪಂಜಿನಿಂದ ತೆಗೆದು ಪೂರೈಸುವುದಿಲ್ಲ ಎಂದಾಗ ಹಾರ್ವರ್ಡಿನ ಯೊಶಿತೊ ಕಿಶಿ ತಂಡ ಆ ಅಣುವನ್ನು ಪ್ರಯೋಗಾಲಯದಲ್ಲೇ ಕಟ್ಟಿತು, 1992ರಲ್ಲಿ. ಆಮೇಲೆ ಗೊತ್ತಾಯಿತು, ಕೆಲಸ ಮಾಡುವುದು ಅಣುವಿನ ಅರ್ಧ ಭಾಗ ಮಾತ್ರ. ಆ ಅರ್ಧವನ್ನು ತಿದ್ದಿ ತೀಡಿದ್ದೇ ಎರಿಬ್ಯುಲಿನ್. 2010ರಲ್ಲಿ ಸ್ತನ ಕ್ಯಾನ್ಸರಿಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು.

ಅದನ್ನೂ ‘ರಾಮಬಾಣ’ ಎನ್ನಬೇಡಿ. ಬೇರೆ ಬೇರೆ ಕೀಮೋ ಪಡೆದು, ಕಾಯಿಲೆ ಹರಡಿದ್ದ 762 ಮಹಿಳೆಯರ ಮೇಲೆ ಪರೀಕ್ಷೆ ನಡೆದಿತ್ತು. ಬೇರೆ ಮದ್ದು ಪಡೆದವರ ಮಧ್ಯಕ ಬದುಕು (ಅರ್ಧ ಜನ ಇದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ ಬದುಕಿದರು ಎಂದರ್ಥ) 10.6 ತಿಂಗಳು, ಎರಿಬ್ಯುಲಿನ್ ಪಡೆದವರದ್ದು 13.1. ಎರಡೂವರೆ ತಿಂಗಳು. ಕಡಿಮೆ ಅನಿಸಿತಾ? ಮಗಳ ಮದುವೆ ನೋಡಲು ಸಾಕಾಗುವಷ್ಟು ದಿನ ಅದು. ಹಾಗೇ ಬರೆಯಿರಿ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಹಿಂದೊಮ್ಮೆ ಲಕ್ಷ್ಮಣಫಲದ ಬಗ್ಗೆ ಇಂಥದ್ದೇ ಒಂದು ಬರಹ ಹಾಕಿದ್ದೆ. ಸಿದ್ದಾಪುರದ ಕಡೆಯಿಂದ ಒಬ್ಬರು ಬಸ್ಸು ಹತ್ತಿ ಶಿರಸಿಗೆ, ನಮ್ಮ ಕಚೇರಿಗೇ ಬಂದರು. ಕೈಯಲ್ಲಿ ಪತ್ರಿಕೆಯ ತುಂಡು. ‘ಹೆಂಡತಿಗೆ ಆಸ್ಪತ್ರೆ ನಿಲ್ಲಿಸಿ ಇದನ್ನೇ ಕೊಡಬಹುದಾ?’ ಅಂತ ಕೇಳಿದರು. ಬೇಡ, ಆಸ್ಪತ್ರೆ ಬಿಡಬೇಡಿ ಅಂತ ಕೈಮುಗಿದು ಕಳಿಸಿದೆ. ಕೇಳಲು ಬಾರದವರು ಎಷ್ಟು ಮಂದಿಯೋ.

700 ಪದ ಸಾಕು. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ, ನಿಮ್ಮ ಮನೆಯಿಂದ ದೂರವೇನಲ್ಲ ಅಲ್ವಾ? ಬಲೆಗೆ ಸಿಕ್ಕುವ ಮುದ್ದೆಯನ್ನು ಒಯ್ದು ತೋರಿಸಿ, ಯಾವ ಜಾತಿ ಅಂತ ಕೇಳಿ. ಈ ಸಲ ಕೈಗವಸು ಹಾಕಿಕೊಳ್ಳಿ.

ಇನ್ನೊಂದು. ಆ ಮುದ್ದೆಗೆ ಬೈತಖೋಲದಲ್ಲಿ ಏನಂತ ಕರೆಯುತ್ತಾರೆ? ಅಪ್ಪನಿಗೆ ಗೊತ್ತಿರಬೇಕು. ನಿಮ್ಮ ಹತ್ತು ಪುಟದಲ್ಲಿ ಆ ಹೆಸರು ಎಲ್ಲೂ ಇಲ್ಲ.